ಉರುಲುಗಾರನ ಕೈಗೆ ಬಾರದ ಪಿಸ್ತೂಲು

ನಮ್ಮ ಸೀಮಾಪ್ರದೇಶದ ಇತಿಹಾಸವನ್ನು ಬರೆಯ ಹೊರಟವರು ಬೀದರದ ಕೋಟೆಯಿಂದಲೋ, ಕಲ್ಯಾಣದ ಶರಣರಿಂದಲೋ, ಝರಾಸಂಗಮದ ಕೇತಕೀ ಸಂಗಮೇಶ್ವರನಿಂದಲೋ ಆರಂಭಿಸುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಅರಸರು ಕಟ್ಟಿಸಿದ್ದು, ಶರಣರು ನುಡಿದದ್ದು, ಭಕ್ತರು ಪೂಜಿಸಿದ್ದು ಇಷ್ಟರಲ್ಲಿಯೇ ಒಂದು ನಾಡಿನ ಬಾಳು ಮುಗಿದುಹೋಗುವುದಿಲ್ಲವಷ್ಟೆ. ಹೊಲದ ಬದುವಿನಲ್ಲಿ ಉರುಲು ಹೂಡಿ ಕೌಜುಗ ಹಿಡಿದವನು, ಮಂಜೀರೆಯ ದಂಡೆಯ ಹುಲ್ಲುಗಾವಲಿನಲ್ಲಿ ಚಿಗರಿಯ ಹೆಜ್ಜೆ ನೋಡಿ ನಡೆದವನು, ಅವನೂ ಈ ನೆಲದ ಮಗನೇ. ಅವನ ಕೈಯಲ್ಲಿ ಏನಿತ್ತು, ಏನಿರಲಿಲ್ಲ, ಏಕೆ ಇರಲಿಲ್ಲ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಹೀರಾಬಾದು, ನಾರಾಯಣಖೇಡಗಳು ೧೯೫೬ರ ನವೆಂಬರ್ ೧ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ೨೦೧೬ರಿಂದ ಮೊದಲೆರಡು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿವೆ. ಜಿಲ್ಲೆಯ ಗೆರೆ ಎಷ್ಟು ಸಲ ಬದಲಾದರೂ ಬೇಟೆಗಾರನು ಅದನ್ನು ಕೇಳಿ ನಡೆದವನಲ್ಲ. ಆದಕಾರಣ ನಾವು ಇಲ್ಲಿ ಹಳೆಯ ಹೈದರಾಬಾದ್ ಕರ್ನಾಟಕವನ್ನು ಒಂದೇ ಸೀಮೆಯೆಂದು ಎಣಿಸಿ ಮಾತನಾಡುತ್ತೇವೆ.

ಈ ವಿಷಯ ನಮ್ಮ ಮನಸ್ಸನ್ನು ಹೊಕ್ಕದ್ದು ಭೂಗೋಳದ ಪಾಠದ ನಿಮಿತ್ತವಾಗಿ. ಕೆನಡಾ ದೇಶದ ತುಪ್ಪಳದ ವ್ಯಾಪಾರವನ್ನು ಹೇಳುವಾಗ, ಅಲ್ಲಿಯ ಬೋನುಗಾರನು ಹಿಮದಲ್ಲಿ ಮೈಲಿಗಟ್ಟಲೆ ಬೋನುಗಳ ಸಾಲು ಹೂಡಿ, ಸೊಂಟದಲ್ಲಿ ಒಂದು ಸಣ್ಣ ಪಿಸ್ತೂಲು ಇಟ್ಟುಕೊಂಡು ದಿನವೂ ಆ ಸಾಲನ್ನು ನೋಡಿಬರುತ್ತಿದ್ದನೆಂದು ವಿವರಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ನಮ್ ಕಡಿ ಪಾರ್ಧ್ಯಾರ ಬಲ್ಲಿ ಅಂಥ ಪಿಸ್ತೂಲ್ ಇರ್ಲಿಲ್ಲೇನ್ರಿ ಸರ್?” ಎಂದು ಕೇಳಿದ. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದಲ್ಲ. ಇತಿಹಾಸದಲ್ಲಿ ಒಂದು ವಸ್ತು ಏಕೆ ಇತ್ತು ಎಂದು ಕೇಳುವವರು ಬಹಳ ಜನ. ಏಕೆ ಇರಲಿಲ್ಲ ಎಂದು ಕೇಳುವವರು ವಿರಳ.

ಮೊದಲು ಆ ಹೊರನಾಡಿನ ಪಿಸ್ತೂಲಿನ ವಿಚಾರ. ಉತ್ತರ ಅಮೆರಿಕದ ತುಪ್ಪಳ ವ್ಯಾಪಾರ ಹಳೆಯದು. ಇಂಗ್ಲೆಂಡಿನ ಅರಸನಿಂದ ಹಡ್ಸನ್ಸ್ ಬೇ ಕಂಪನಿಗೆ ಸನ್ನದು ದೊರೆತದ್ದು ೧೬೭೦ರಲ್ಲಿ. ನಮ್ಮಲ್ಲಿ ಶಿವಾಜಿ ಮಹಾರಾಜರ ಕಾಲ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಒನೈಡಾ ಎಂಬಲ್ಲಿ ಸ್ಯೂವೆಲ್ ನ್ಯೂಹೌಸ್ ಎಂಬ ಕುಶಲಕರ್ಮಿ ಕಾಲು ಹಿಡಿಯುವ ಉಕ್ಕಿನ ಬೋನುಗಳನ್ನು ಮಾಡಿ ಹೆಸರಾದನು. ೧೮೬೫ರಲ್ಲಿ ಬೋನುಗಾರರಿಗೆಂದೇ ಒಂದು ಕೈಪಿಡಿಯೂ ಅವನ ಹೆಸರಿನಿಂದ ಹೊರಟಿತು. ಈ ಬೋನಿನಲ್ಲಿ ಸಿಕ್ಕಿದ ಪ್ರಾಣಿ ಬಹುಮಟ್ಟಿಗೆ ಜೀವಂತವಾಗಿರುತ್ತದೆ. ಅದನ್ನು ಕೊಲ್ಲಬೇಕು, ಆದರೆ ತೊಗಲು ಕೆಡಬಾರದು, ಏಕೆಂದರೆ ಅವನಿಗೆ ಬೆಲೆ ಬರುವುದು ತೊಗಲಿಗೆ. ದೊಡ್ಡ ರೈಫಲಿನ ಗುಂಡು ಸಣ್ಣ ಪ್ರಾಣಿಯ ತೊಗಲನ್ನು ಹರಿದುಹಾಕುತ್ತದೆ. ಮೇಲಾಗಿ ಬೋನು, ಕೊಡಲಿ, ಬುತ್ತಿ, ಸುಲಿದ ತೊಗಲುಗಳ ಹೊರೆ ಹೊತ್ತವನಿಗೆ ಉದ್ದ ಬಂದೂಕು ಇನ್ನೊಂದು ಹೊರೆ. ಆದುದರಿಂದ ಅವನು ಸಣ್ಣ ಬಾಯಿಯ, ಹಗುರವಾದ, ಕೆಟ್ಟರೆ ತಾನೇ ಬಿಚ್ಚಿ ಸರಿಮಾಡಿಕೊಳ್ಳಬಹುದಾದ ಕೈಬಂದೂಕನ್ನು ಆರಿಸಿಕೊಂಡನು. ಅನೇಕ ಸಲ ಅದು ಒಂದೇ ತೋಟಾ ಹಿಡಿಯುವ ಏಕನಳಿಗೆಯ ಪಿಸ್ತೂಲು. ಒಕ್ಕಲಿಗನಿಗೆ ಕುಡುಗೋಲು ಹೇಗೋ ಅವನಿಗೆ ಅದು ಹಾಗೆ.

ಈ ಸಣ್ಣ ತೋಟಾಕ್ಕೆ ಒಂದು ವಂಶಾವಳಿಯಿದೆ. ಫ್ರಾನ್ಸಿನ ಫ್ಲೋಬೇರ್ ಎಂಬವನು ೧೮೪೫ರ ಸುಮಾರಿಗೆ ಹಿತ್ತಾಳೆಯ ಟೊಪ್ಪಿಗೆಗೆ ಸಣ್ಣ ಗುಂಡು ಕೂಡಿಸಿ, ಮನೆಯೊಳಗೆ ಗುರಿ ಅಭ್ಯಾಸ ಮಾಡುವುದಕ್ಕೆ ತಕ್ಕ ತೋಟಾ ಮಾಡಿದನು. ೧೮೫೭ರಲ್ಲಿ ಅಮೆರಿಕದ ಸ್ಮಿತ್ ಮತ್ತು ವೆಸನ್ ಎಂಬ ಪಾಲುದಾರರು ಅದೇ ಜಾಡಿನಲ್ಲಿ ಮುಂದುವರಿದು, ಲೋಹದ ತೋಟಾ ಹಾಕುವ ಸಣ್ಣ ರಿವಾಲ್ವರನ್ನು ಮಾರುಕಟ್ಟೆಗೆ ತಂದರು. ಅದರ ಬಾಯಿ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು. ಇದನ್ನೇ ಜನ ಇಂದಿಗೂ ‘ಪಾಯಿಂಟ್ ಟೂ ಟೂ’ ಎನ್ನುವುದು. ೧೮೮೭ರಲ್ಲಿ ಮ್ಯಾಸಚೂಸೆಟ್ಸಿನ ಸ್ಟೀವನ್ಸ್ ಕಂಪನಿ ಇದರ ಉದ್ದನೆಯ ತೋಟಾವನ್ನು ರೂಪಿಸಿತು; ಜಗತ್ತಿನಲ್ಲಿ ಇಂದಿಗೂ ಅತಿಯಾಗಿ ಬಳಕೆಯಲ್ಲಿರುವ ತೋಟಾಗಳಲ್ಲಿ ಅದೊಂದು. ಗುಂಡಿನ ಅಡ್ಡಳತೆ ೫.೬ ಮಿಲಿಮೀಟರ್, ತಾಂಡೂರಿನ ಒಂದು ತೊಗರಿ ಕಾಳಿನಷ್ಟು. ತೂಕ ಸುಮಾರು ಎರಡೂವರೆ ಗ್ರಾಮ್, ಅಂದರೆ ಕಾಲು ತೊಲೆಗೂ ಕಡಿಮೆ. ಕಂಪನಿ ಸರಕಾರದ ಸಿಪಾಯಿಯ ಹಳೆಯ ಬಂದೂಕಿನ ಬಾಯಿ ಅಂಗುಲದ ಮುಕ್ಕಾಲು ಪಾಲಿತ್ತೆಂಬುದನ್ನು ನೆನೆದರೆ ಇದು ಎಷ್ಟು ಸಣ್ಣದೆಂದು ಹೊಳೆಯುತ್ತದೆ. ೧೮೫೭ ಎಂಬ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು. ಅದು ಮುಂದೆ ಬೇರೊಂದು ಕಾರಣಕ್ಕಾಗಿ ಬರುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. ಹಿಡಿಯುವ ಬೇಟೆ ಈ ನಾಡಿಗೆ ಹೊಸದಲ್ಲ. ಜಹೀರಾಬಾದಿಗೆ ಬಹು ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪೈಕಿ ಮೃಗಯಾವಿನೋದಕ್ಕೆ ದೊಡ್ಡ ಸ್ಥಾನವಿದೆ, ಮೀನು ಹಿಡಿಯುವುದನ್ನೂ ಆತ ಬಿಟ್ಟಿಲ್ಲ. ಅದಕ್ಕೂ ಮುಂಚೆ, ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಆದಿಕವಿ ಪಂಪನು ‘ವಿಕ್ರಮಾರ್ಜುನ ವಿಜಯ’ದಲ್ಲಿ ಬೇಟೆಯನ್ನು ಬಲ್ಲವನಂತೆ ವರ್ಣಿಸಿದ್ದಾನೆ. ವೇಮುಲವಾಡ ಇಂದು ತೆಲಂಗಾಣದಲ್ಲಿದೆ ಎಂಬುದನ್ನು ನಮ್ಮ ಅಧ್ಯಾಪಕ ಮಿತ್ರರಿಗೆ ನೆನಪಿಸಬೇಕಾಗಿಲ್ಲ. ಸಾಕಿದ ಜಿಂಕೆಯನ್ನು ಮುಂದೊಡ್ಡಿ ಕಾಡುಜಿಂಕೆಯನ್ನು ಸೆಳೆದು ಹಿಡಿಯುವ ಪದ್ಧತಿಗೆ ಕನ್ನಡದಲ್ಲಿ ಸ್ವಂತದ ಮಾತೇ ಉಂಟು: ಆ ಮೋಸದ ಪ್ರಾಣಿಗೆ ‘ದೀವ’ ಅಥವಾ ‘ದೀಹ’ ಎಂದು ಹೆಸರು. ಅಕ್ಬರನ ಕಾಲದ ಅಬುಲ್ ಫಜಲನು ‘ಐನೆ ಅಕ್ಬರಿ’ಯಲ್ಲಿ, ಸಾಕಿದ ಜಿಂಕೆಯ ಕೋಡಿಗೆ ಬಲೆ ಕಟ್ಟಿ ಬಿಡುವುದನ್ನೂ, ಕಾದಲು ಬಂದ ಕಾಡುಜಿಂಕೆ ಅದರಲ್ಲಿ ಸಿಕ್ಕಿಕೊಳ್ಳುವುದನ್ನೂ ಬರೆದಿದ್ದಾನೆ. ಹೀಗೆ ದೊರೆಗಳಿಗೆ ವಿನೋದವಾಗಿದ್ದುದು ಬೇರೊಂದು ಜನಕ್ಕೆ ಹೊಟ್ಟೆಪಾಡಾಗಿತ್ತು.

ಆ ಜನವೇ ಪಾರ್ಧಿಗಳು. ಪಾರಧ ಎಂದರೆ ಮರಾಠಿಯಲ್ಲಿ ಬೇಟೆ. ೧೯೨೦ರಲ್ಲಿ ಸೈಯದ್ ಸಿರಾಜ್ ಉಲ್ ಹಸನ್ ಅವರು ನಿಜಾಮ ಸಂಸ್ಥಾನದ ಜಾತಿ ಬುಡಕಟ್ಟುಗಳ ಮೇಲೆ ಪ್ರಕಟಿಸಿದ ಗ್ರಂಥದಲ್ಲಿ ಇವರ ವಿಷಯ ಬಂದಿದೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಪಾರ್ಧಿ, ಅಡವಿಚಿಂಚೇರ, ಫಾನ್ಸೆ ಪಾರ್ಧಿ, ಹರಣಶಿಕಾರಿ ಎಂಬ ನಾಲ್ಕು ಹೆಸರುಗಳನ್ನು ಒಂದೇ ಸಾಲಿನಲ್ಲಿ ಬರೆಯಲಾಗಿದೆ. ಹೆಸರುಗಳೇ ಕಸಬನ್ನು ಹೇಳುತ್ತವೆ. ಫಾಸ ಎಂದರೆ ಉರುಲು. ಹರಣ ಎಂದರೆ ಜಿಂಕೆ. ಇವರಲ್ಲಿ ಎತ್ತನ್ನೋ ಆಕಳನ್ನೋ ಪಳಗಿಸಿ ಅದರ ಮರೆಯಲ್ಲಿ ಬೇಟೆಯ ಹತ್ತಿರಕ್ಕೆ ಸಾಗುವವರು ಗಾಯಿ ಪಾರ್ಧಿಗಳು. ಸಿವಂಗಿಯನ್ನು ಪಳಗಿಸಿ ಸಿರಿವಂತರ ಬೇಟೆಗೆ ಒದಗಿಸಿದವರು ಚೀತೆವಾಲೆಗಳು. ಉರುಲುಗಾರನ ಸರಂಜಾಮು ಬಹಳ ಸಾದಾ. ನರದಿಂದಲೋ ತೊಗಲಿನಿಂದಲೋ ಹೊಸೆದ ಹುರಿ, ಅದರ ಕುಣಿಕೆಗಳು, ನೆಲಕ್ಕೆ ಹೊಡೆಯುವ ಗೂಟಗಳು. ಗೂಟದಿಂದ ಗೂಟಕ್ಕೆ ಕುಣಿಕೆಗಳ ಸಾಲು ಹೂಡಿ, ಇಬ್ಬರು ಮೂವರು ಸುತ್ತುಹಾಕಿ ಚಿಗರಿಯ ಹಿಂಡನ್ನು ಮೆಲ್ಲಗೆ ಅತ್ತ ಸೋವುವುದು. ಹಕ್ಕಿಗೆ ಕುದುರೆಯ ಬಾಲದ ಕೂದಲಿನ ಸಣ್ಣ ಕುಣಿಕೆಗಳು ಸಾಕು. ಆತುರಪಟ್ಟರೆ ಹಿಂಡು ಹಾರಿಹೋಗುತ್ತದೆ. ಕಣ್ಣು, ಕಾಲು, ತಾಳ್ಮೆ ಇವೇ ಇಲ್ಲಿ ನಿಜವಾದ ಆಯುಧ.

ಈ ಸಾಲನ್ನೂ ಕೆನಡಾದ ಬೋನಿನ ಸಾಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ದೊಡ್ಡ ಅಂತರ ಕಾಣುತ್ತದೆ. ಅವನು ಬೋನು ಹೂಡಿ ಹೋಗಿ, ಮಾರನೆಯ ದಿನವೋ ಅದರಾಚೆಯೋ ಬರುವವನು. ಇವನು ಉರುಲು ಹೂಡಿ ಪಕ್ಕದ ಪೊದೆಯಲ್ಲಿಯೇ ಕುಳಿತವನು. ಅವನಿಗೆ ಬೇಕಾದದ್ದು ತೊಗಲು. ಇವನಿಗೆ ಬೇಕಾದದ್ದು ಮಾಂಸ, ಅದರಲ್ಲಿಯೂ ಸಾಧ್ಯವಾದಷ್ಟು ಜೀವಂತವಾದ ಬೇಟೆ. ಜೀವಂತ ಏಕೆಂದರೆ, ಸಂತೆಯಲ್ಲಿ ಕೌಜುಗ, ಬುರ್ಲಿ, ಮೊಲಗಳನ್ನು ಕೊಳ್ಳುವ ಮುಸಲ್ಮಾನ ಗಿರಾಕಿಗೆ ಅದು ಜಬಹ ಆಗಿರಬೇಕು. ಮೊದಲೇ ಸತ್ತದ್ದು ಅವನಿಗೆ ನಿಷಿದ್ಧ. ಹೈದರಾಬಾದ್ ಸಂಸ್ಥಾನದ ಪೇಟೆಗಳಲ್ಲಿ ಈ ಗಿರಾಕಿಯನ್ನು ಬಿಟ್ಟು ವ್ಯಾಪಾರವೆಲ್ಲಿ? ಗುಂಡು ಹೊಡೆದು ತಂದ ಹಕ್ಕಿಗಿಂತ ಬುಟ್ಟಿಯಲ್ಲಿ ಪಿಳಿಪಿಳಿ ನೋಡುವ ಹಕ್ಕಿಗೆ ಹೆಚ್ಚು ಬೆಲೆ. ಇದು ನಮ್ಮ ಹಿರಿಯ ಮುಸಲ್ಮಾನ ಮಿತ್ರರು ಹೇಳಿದ ಮಾತು, ನಮಗೂ ಸರಿಯೆಂದು ತೋರಿತು. ಹೀಗಾಗಿ ಉರುಲಿನಲ್ಲಿ ಬಿದ್ದ ಚಿಗರಿಗೆ ಕತ್ತಿ, ಮೊಲಕ್ಕೆ ಕೋಲು, ಹಕ್ಕಿಗೆ ಬರಿಗೈ. ಒಂದು ಮೊಲಕ್ಕೆ ಒಂದು ತೋಟಾ ಖರ್ಚು ಮಾಡಿದರೆ ಅವನ ಲೆಕ್ಕ ಅಲ್ಲಿಗೇ ಮುಗಿಯಿತು.

ಇಲ್ಲಿಗೆ ನಿಲ್ಲಿಸಿದರೆ, ಪಿಸ್ತೂಲು ಬೇಕಾಗಿರಲಿಲ್ಲ, ಆದ್ದರಿಂದ ಬರಲಿಲ್ಲ ಎಂಬ ಸುಲಭವಾದ ಉತ್ತರ ದೊರೆಯುತ್ತದೆ. ಕೆಲವರು ಅಷ್ಟಕ್ಕೇ ತೃಪ್ತರಾಗಬಹುದು. ನಮಗೆ ಅದು ಅರ್ಧ ಸತ್ಯವೆಂದು ತೋರುತ್ತದೆ. ಕಬ್ಬಿನ ಹೊಲದ ಹಂದಿಯನ್ನೂ ತೋಳವನ್ನೂ ಎದುರಿಸಬೇಕಾದವನಿಗೆ ಕೈಯಲ್ಲೊಂದು ಬೆಂಕಿಯ ಆಯುಧ ಬೇಡವೆನಿಸಿತ್ತೆಂದು ಹೇಳುವುದು ಕಷ್ಟ. ಕಬ್ಬಿಣವಿರಲಿಲ್ಲ, ಕೆಲಸಗಾರರಿರಲಿಲ್ಲ ಎನ್ನುವ ಹಾಗೂ ಇಲ್ಲ. ನಿಜಾಮಾಬಾದ ಕಡೆಯ ಕೋನಸಮುದ್ರದಲ್ಲಿ ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕು ಇರಾನಿನವರೆಗೆ ಹೋಗುತ್ತಿತ್ತು. ಡಮಾಸ್ಕಸ್ ಕತ್ತಿಗಳ ಅಲಗಿಗೆ ಇಂಥ ಉಕ್ಕೇ ಮೂಲ. ಹೈದರಾಬಾದಿನಲ್ಲಿ ಫ್ರೆಂಚ್ ಸೇನಾನಿ ರೇಮಂಡನು ೧೭೯೫ರಲ್ಲಿ ತೋಪು ಎರಕ ಹೊಯ್ಯುವ ಕಾರಖಾನೆ ಸ್ಥಾಪಿಸಿದನು. ಪಟ್ಟಣದ ಆ ಭಾಗವನ್ನು ಇಂದಿಗೂ ಗನ್‌ಫೌಂಡ್ರಿ ಎನ್ನುತ್ತಾರೆ. ಬೀದರ ಕೋಟೆಯ ಬುರುಜುಗಳ ಮೇಲಿನ ತೋಪುಗಳನ್ನು ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಭಾಷೆಯಂತೂ ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿದೆ. ತುಪಾಕಿ ತುರ್ಕಿಯಿಂದ, ತಮಂಚ ಪಾರಸಿಯಿಂದ, ಪಿಸ್ತೂಲು, ಕಾರ್ತೂಸುಗಳು ಪೋರ್ತುಗೀಜರಿಂದ ಬಂದು ನಮ್ಮ ಊರಮಾತಿನಲ್ಲಿ ಮನೆಮಾಡಿವೆ. ಕೈಬಂದೂಕು ಈ ನಾಡಿಗೆ ಬಂದಿತ್ತು. ಆದರೆ ಅದು ಬಂದದ್ದು ಯಾರ ಮನೆಗೆ? ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಆಯುಧಶಾಲೆಯನ್ನು ಒಮ್ಮೆ ಸುತ್ತಿಬಂದರೆ ಉತ್ತರ ಸಿಗುತ್ತದೆ. ಪಿಸ್ತೂಲು ದರ್ಬಾರಿನ ವಸ್ತುವಾಗಿತ್ತು, ದುಡಿಮೆಯ ವಸ್ತುವಾಗಲಿಲ್ಲ.

ಈಗ ೧೮೫೭ಕ್ಕೆ ಮರಳೋಣ. ಅಮೆರಿಕದಲ್ಲಿ ಸಣ್ಣ ರಿವಾಲ್ವರು ಅಂಗಡಿಗೆ ಬಂದ ಅದೇ ವರ್ಷ, ಇಲ್ಲಿ ಕಂಪನಿ ಸರಕಾರ ಆಯುಧಗಳ ತಯಾರಿಕೆ, ಮಾರಾಟ, ಇಟ್ಟುಕೊಳ್ಳುವಿಕೆಗಳನ್ನು ಬಿಗಿಯುವ ಕಾಯಿದೆಯನ್ನು ತಂದಿತು. ಜನ ಅದನ್ನು ನಿಶ್ಶಸ್ತ್ರೀಕರಣದ ಕಾಯಿದೆಯೆಂದೇ ಕರೆದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದರು. ಬೇಡನಿಗೆ ಆಯುಧವೆಂದರೆ ಹೊಲ ಕಾಯುವ ಸಂಬಳ, ಬೇಟೆಯ ಅನ್ನ, ಮದುವೆಯ ಮಾನ. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಮುತ್ತಿತು, ಬೆಂಕಿ ಹಚ್ಚಿತು. ಹಿಡಿದವರಲ್ಲಿ ಹತ್ತೊಂಬತ್ತು ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಜಡಗ, ಬಾಲರ ಹೆಸರುಗಳು ಲಾವಣಿಯಲ್ಲಿ ಉಳಿದುವು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು ಶಾಸನತಜ್ಞ ಫ್ಲೀಟ್ ಸಾಹೇಬರು, ಆಳುವ ಸರಕಾರದ ಅಧಿಕಾರಿಯೇ. ಇದೊಂದು ವಿಚಿತ್ರ. ಒಂದು ಖಂಡದಲ್ಲಿ ಬೇಟೆಯವನ ಸೊಂಟಕ್ಕೆ ಪಿಸ್ತೂಲು ಏರಿದ ಕಾಲಕ್ಕೆ ಇನ್ನೊಂದು ಖಂಡದಲ್ಲಿ ಬೇಟೆಯವನ ಗೋಡೆಯ ಮೇಲಿನ ಆಯುಧ ಇಳಿಯಿತು. ಎರಡಕ್ಕೂ ಸಂಬಂಧವಿಲ್ಲ, ನಿಜ; ಆದರೂ ಇತಿಹಾಸದ ಅಧ್ಯಾಪಕನು ಇವೆರಡನ್ನು ಒಂದೇ ಕಾಲರೇಖೆಯ ಮೇಲೆ ಬರೆದು ತೋರಿಸಬೇಕೆಂದು ನಮ್ಮ ಅಭಿಪ್ರಾಯ.

ಹಲಗಲಿಯ ಮಾರನೆಯ ವರ್ಷ ನಮ್ಮ ಹೈದರಾಬಾದ್ ಕಡೆಯಲ್ಲಿ ಇನ್ನೊಂದು ಘಟನೆ ನಡೆಯಿತು. ಸುರಪುರದ ಬೇಡ ಅರಸ ರಾಜಾ ವೆಂಕಟಪ್ಪ ನಾಯಕನು ೧೮೫೮ರ ಫೆಬ್ರುವರಿಯಲ್ಲಿ ಇಂಗ್ಲಿಷರ ವಿರುದ್ಧ ಎದ್ದು, ಸೋತು, ಹೈದರಾಬಾದಿಗೆ ಬಂದು ಸೆರೆಸಿಕ್ಕನು. ಆತನನ್ನು ಬಾಲ್ಯದಿಂದ ಬಲ್ಲ ಮೆಡೋಸ್ ಟೇಲರ್ ತನ್ನ ಆತ್ಮಚರಿತ್ರೆಯಲ್ಲಿ ಮುಂದಿನದನ್ನು ಹೀಗೆ ಹೇಳುತ್ತಾನೆ: ಶಿಕ್ಷೆ ಅನುಭವಿಸಲು ಕರೆದೊಯ್ಯುವಾಗ ಮೊದಲ ಮಜಲಿನ ಗುಡಾರದಲ್ಲಿ, ಕಾವಲಿನ ಅಧಿಕಾರಿಯು ರಿವಾಲ್ವರಿದ್ದ ತನ್ನ ಸೊಂಟಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತೂಗುಹಾಕಿ ಹೊರಗೆ ಹೋದನು, ಗುಂಡಿನ ಸದ್ದು ಕೇಳಿ ಓಡಿಬಂದಾಗ ತರುಣ ರಾಜನು ಸತ್ತು ಬಿದ್ದಿದ್ದನು. ಟೇಲರನು ಆ ಗುಡಾರದಲ್ಲಿ ಇರಲಿಲ್ಲ. ಸುರಪುರದ ಕಡೆ ಇದನ್ನು ಒಪ್ಪದೆ, ಆತನನ್ನು ಕೊಂದರು ಎನ್ನುವವರೂ ಇದ್ದಾರೆ. ನಮ್ಮ ವಿಷಯಕ್ಕೆ ಬೇಕಾದದ್ದು ಬೇರೆ. ಬಿಲ್ಲು, ಈಟಿ, ಬಂದೂಕುಗಳಲ್ಲಿ ಪಳಗಿದ ಬೇಡರ ನಾಯಕನ ಕೊನೆಯ ಕಥೆಯೊಳಗೆ ಬರುವ ಕೈಬಂದೂಕು ಆತನದಲ್ಲ, ಕಾವಲಿನವನದು. ಈ ಸೀಮೆಯಲ್ಲಿ ರಿವಾಲ್ವರೆಂದರೆ ಸೊಂಟಪಟ್ಟಿ, ಸೊಂಟಪಟ್ಟಿಯೆಂದರೆ ಅಧಿಕಾರ.

೧೮೭೮ರ ಆಯುಧ ಕಾಯಿದೆ ಬ್ರಿಟಿಷ್ ಇಂಡಿಯಾಕ್ಕೆ ಸೇರಿದ್ದು. ನಿಜಾಮರ ಸೀಮೆ ಅದರ ಹೊರಗಿತ್ತು. ಹಾಗಾದರೆ ನಮ್ಮವನಿಗೆ ಅನುಕೂಲವಾಗಬೇಕಿತ್ತಲ್ಲವೆ ಎಂದು ಕೇಳಬಹುದು. ಆಗಲಿಲ್ಲ. ಇಲ್ಲಿ ಕಾಯಿದೆಗಿಂತ ಅಂತಸ್ತು ದೊಡ್ಡದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಹೆಸರಾಂತ ಗುರಿಕಾರರು. ಅವರ ಕಾಲದ ಶಿಕಾರಿಗಳನ್ನು ರಾಜಾ ದೀನ್ ದಯಾಳರು ತೆಗೆದ ಛಾಯಾಚಿತ್ರಗಳಲ್ಲಿ ನೋಡಬಹುದು: ಹುಲಿಯ ಪಕ್ಕದಲ್ಲಿ ಬಂದೂಕು ಹಿಡಿದು ನಿಂತವರು ನವಾಬರು, ಇಂಗ್ಲಿಷ್ ಅತಿಥಿಗಳು. ಹುಲಿಯ ಜಾಡು ಹಿಡಿದುಕೊಟ್ಟವನು, ಹಲಗೆ ಬಡಿದು ಸೋವಿದವನು ಯಾರೆಂದು ಚಿತ್ರದ ಕೆಳಗೆ ಬರೆದಿಲ್ಲ. ಪಾಯಗಾ, ಜಾಗೀರುಗಳ ಆಳಿಕೆಯಲ್ಲಿದ್ದ ಹಳ್ಳಿಗಳಲ್ಲಿ ಜಾಗೀರದಾರನ ಮುಂದೆ ರುಮಾಲು ಸರಿಮಾಡಿಕೊಂಡು ನಿಲ್ಲಬೇಕಾದವನು ತಮಂಚ ಸಿಕ್ಕಿಸಿಕೊಂಡು ಓಡಾಡುವನೆ? ೧೯೪೯ರಲ್ಲಿ ಜಾಗೀರು ರದ್ದಾಗುವವರೆಗೆ ಈ ಸ್ಥಿತಿಯೇ ನಡೆದುಬಂದಿತು.

ಗಡಿಯಾಚೆಯ ಮುಂಬಯಿ ಇಲಾಖೆಯಲ್ಲಿ ಪಾರ್ಧಿಗಳ ಪಾಡು ಇನ್ನೂ ಹೀನ. ೧೮೭೧ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮತ್ತು ಅದರ ಮುಂದಿನ ತಿದ್ದುಪಡಿಗಳು ಜಾತಿಗೆ ಜಾತಿಯನ್ನೇ ಹುಟ್ಟುಕಳ್ಳರೆಂದು ಪಟ್ಟಿ ಮಾಡಿದುವು. ಹಾಜರಿ ಕೊಡಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಉರುಲುಗಾರನ ಕಸಬೇ ಊರಿನಿಂದ ಊರಿಗೆ ನಡೆಯುವುದು. ನಡೆದರೆ ಅಪರಾಧ, ನಡೆಯದಿದ್ದರೆ ಉಪವಾಸ. ಇಂಥವನು ಪಿಸ್ತೂಲಿನ ಪರವಾನಗಿ ಕೇಳಲು ಕಚೇರಿಯ ಮೆಟ್ಟಿಲು ಹತ್ತುವುದನ್ನು ಕಲ್ಪಿಸಿಕೊಳ್ಳಲೂ ಆಗದು. ಸೊಂಟದ ಕತ್ತಿಗೇ ಅವನು ಸಮಾಧಾನ ಹೇಳಬೇಕಾಗಿತ್ತು. ೧೯೫೨ರ ಆಗಸ್ಟಿನಲ್ಲಿ ಈ ಕಾಯಿದೆ ದೇಶದಾದ್ಯಂತ ರದ್ದಾಯಿತು. ಕಾಯಿದೆ ಹೋದರೂ ಮಾತು ಹೋಗಲಿಲ್ಲ. ನಮ್ಮ ಶಾಲೆಗಳ ದಾಖಲೆ ಬರೆಯುವಾಗ ಜಾತಿಯ ಹೆಸರು ಕೇಳಿ ಗುಮಾಸ್ತ ತಲೆಯೆತ್ತಿ ನೋಡುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಕನ್ನಡಿಗರೆಲ್ಲರ ಆಯುಧವೂ ಹೀಗೆ ಹೋಯಿತೆಂದು ತಿಳಿಯಬಾರದು. ಕೊಡಗಿನ ಮಾತು ಬೇರೆ. ೧೮೬೧ರ ಫೆಬ್ರುವರಿ ೨೬ರಂದು ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಪ್ರಕಟಣೆಯಿಂದ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ದೊರೆಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕೋವಿಯ ಸದ್ದು ಇಂದಿಗೂ ಉಂಟು. ಕೇಂದ್ರ ಸರಕಾರ ೨೦೧೯ರಲ್ಲಿ ಆ ವಿನಾಯಿತಿಯನ್ನು ೨೦೨೯ರವರೆಗೆ ಮುಂದುವರಿಸಿದೆ. ಹಲಗಲಿಯಲ್ಲಿ ಆಯುಧ ಬಿಡಲಾರೆನೆಂದವನಿಗೆ ನೇಣು, ಮೂರೇ ವರ್ಷದಲ್ಲಿ ಕೊಡಗಿನಲ್ಲಿ ಸರಕಾರಕ್ಕೆ ನಿಷ್ಠನಾಗಿದ್ದವನಿಗೆ ಸನ್ನದು. ಕೊಡವರನ್ನು ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ಅವರು 'ಕೋವಿ'ಯನ್ನು ಮನೆದೇವರಂತೆ ಕಂಡವರು. ಆದರೆ ಅಲ್ಲಿಯೂ ಪರಂಪರೆಯಲ್ಲಿ ಉಳಿದದ್ದು ಉದ್ದ ನಳಿಗೆಯ ಕೋವಿ. ಪಿಸ್ತೂಲು ಅಲ್ಲಿಯ ಹಬ್ಬದಲ್ಲಿಯೂ ಇಲ್ಲ, ಹಾಡಿನಲ್ಲಿಯೂ ಇಲ್ಲ.

ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಅದರ ಹದಿಮೂರನೆಯ ಕಲಮನ್ನು ಅಧ್ಯಾಪಕರು ಓದತಕ್ಕದ್ದು. ರಕ್ಷಣೆಗಾಗಿಯೋ ಬೇಟೆಯ ಕ್ರೀಡೆಗಾಗಿಯೋ ಪರವಾನಗಿ ಕೇಳಿದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ಬಂದೂಕು. ಪೈರು ಕಾಯುವುದಕ್ಕೆ ಬಾಯಿಂದ ಮದ್ದು ತುಂಬುವ ನಾಡಬಂದೂಕು. ಗುರಿ ಅಭ್ಯಾಸದ ಸಂಘದ ಸದಸ್ಯನಿಗೆ ಪಾಯಿಂಟ್ ಟೂ ಟೂ ರೈಫಲು. ಇಂಥವುಗಳಿಗೆ ಕಾಯಿದೆ ಕೊಂಚ ಸಲೀಸಾದ ದಾರಿ ತೋರಿಸುತ್ತದೆ. ಕೈಬಂದೂಕಿಗೆ ಆ ದಾರಿಯಿಲ್ಲ. ಕಾರಣ ಸ್ಪಷ್ಟ: ಉದ್ದ ನಳಿಗೆ ದೂರದಿಂದಲೇ ಕಾಣುತ್ತದೆ, ಸಣ್ಣದು ಧೋತರದ ಮಡಿಕೆಯಲ್ಲಿ ಅಡಗುತ್ತದೆ. ಬೋನುಗಾರನು ಯಾವ ಗುಣಕ್ಕಾಗಿ ಅದನ್ನು ಮೆಚ್ಚಿದನೋ ಅದೇ ಗುಣಕ್ಕಾಗಿ ಸರಕಾರ ಅದಕ್ಕೆ ಅಂಜಿತು. ಊರೂರಲ್ಲಿ ಜಗಳಗಳನ್ನು ಕಂಡ ನಮಗೆ ಈ ಅಂಜಿಕೆ ಅಕಾರಣವೆಂದು ತೋರುವುದಿಲ್ಲ.

ಆದರೂ ಒಂದು ಮಾತನ್ನು ನುಂಗಿಕೊಳ್ಳಲಾರೆವು. ಬೋನುಗಾರರು ತಮ್ಮ ಪಿಸ್ತೂಲಿನ ಪರವಾಗಿ ಹೇಳುವ ವಾದಗಳಲ್ಲಿ ದಯೆಯ ವಾದವೂ ಒಂದು: ಸಿಕ್ಕಿಬಿದ್ದ ಪ್ರಾಣಿ ಒದ್ದಾಡದೆ ಕ್ಷಣದಲ್ಲಿ ಸಾಯಬೇಕು. ಹಾಗೆ ನೋಡಿದರೆ ಬೋನು ಹೂಡಿ ರಾತ್ರಿಯಿಡೀ ಬಿಟ್ಟುಹೋಗುವುದೇ ಮೊದಲ ನಿರ್ದಯತೆ. ಬೆಳಗಿನ ಒಂದು ಗುಂಡು ಅದನ್ನು ತೊಳೆಯುವುದೆ? ಉರುಲಿನ ಪಕ್ಕದಲ್ಲೇ ಕಾದಿದ್ದು ಕತ್ತಿಯಿಂದ ಮುಗಿಸಿದವನು ಕ್ರೂರನೆಂದು, ಪಿಸ್ತೂಲಿನಿಂದ ಮುಗಿಸಿದವನು ನಾಗರಿಕನೆಂದು ಬರೆಯುವ ಪುಸ್ತಕಗಳನ್ನು ನಾವು ಒಪ್ಪುವುದಿಲ್ಲ. ಎರಡು ಕಡೆಯೂ ಹಸಿವಿದೆ, ಎರಡು ಕಡೆಯೂ ಕೊಲೆಯಿದೆ.

ಈಗ ಎರಡೂ ನಿಂತುಹೋಗಿವೆ, ಇಲ್ಲಿ ಮಟ್ಟಿಗಾದರೂ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯೆಂಬ ಮಾತಿಗೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲೊಡ್ಡುವುದು ಎಂಬ ಅರ್ಥವನ್ನೂ ಕೊಟ್ಟಿದೆ. ಕೃಷ್ಣಮೃಗ ಅತ್ಯಂತ ಬಿಗಿಯಾದ ರಕ್ಷಣೆಯ ಪಟ್ಟಿಯಲ್ಲಿದೆ. ಚಿಗರಿ ಉಳಿಯಬೇಕಾದರೆ ಇದು ಬೇಕು. ಕಸಬು ಹೋದವನಿಗೆ ಬೇರೆ ಕಸಬು ಕಲಿಸಬೇಕೆಂಬುದು ಮಾತ್ರ ಕಾಯಿದೆಯ ಪುಸ್ತಕದಲ್ಲಿ ಬರೆಯದೆ ಉಳಿಯಿತು. ಹಂದಿಯ ಕಾಟಕ್ಕೆ ಬೇಸತ್ತು ಹೊಲದ ಬೇಲಿಗೆ ವಿದ್ಯುತ್ತಿನ ತಂತಿ ಬಿಡುವವರು ಇದ್ದಾರೆ. ಅದು ಹಂದಿಯನ್ನು ಕೊಲ್ಲುತ್ತದೆ, ನಾಯಿಯನ್ನು ಕೊಲ್ಲುತ್ತದೆ, ಕೆಲವು ಸಲ ನೀರು ತಿರುವಲು ಹೋದ ರೈತನನ್ನೂ ಕೊಲ್ಲುತ್ತದೆ. ಹಳೆಯ ಉರುಲುಗಾರನು ಪ್ರಾಣಿಯ ಹೆಜ್ಜೆ ನೋಡದೆ ಕುಣಿಕೆ ಹೂಡುತ್ತಿರಲಿಲ್ಲ. ತಂತಿಗೆ ಆ ಕಣ್ಣಿಲ್ಲ.

ಈ ಸಂಚಿಕೆಯ ಓದುಗರಲ್ಲಿ ಸಂಶೋಧಕರು ಬಹಳ ಜನರಿರುವುದರಿಂದ ಇನ್ನೊಂದು ವಿಷಯ. ಜನಪದ ಸಾಹಿತ್ಯದ ಹೆಸರಿನಲ್ಲಿ ಬೀಸುವ ಹಾಡು, ಕುಟ್ಟುವ ಹಾಡು, ಮೊಹರಮ್ಮಿನ ರಿವಾಯತುಗಳನ್ನು ನಾವು ಸಂಗ್ರಹಿಸಿದ್ದೇವೆ. ಉರುಲುಗಾರನ ಮಾತುಗಳನ್ನು ಎಷ್ಟು ಸಂಗ್ರಹಿಸಿದ್ದೇವೆ? ಕಿಟ್ಟೆಲರ ೧೮೯೪ರ ನಿಘಂಟಿನಲ್ಲಿ, ಪರಿಷತ್ತಿನ ದೊಡ್ಡ ನಿಘಂಟಿನಲ್ಲಿ ಬಲೆ, ಉರುಲು, ಕುಣಿಕೆ, ಬೋನುಗಳಿವೆ. ಆದರೆ ಮೊಲದ ಕುಣಿಕೆಗೂ ಕೌಜುಗದ ಕುಣಿಕೆಗೂ ಬೇರೆ ಬೇರೆ ಹೆಸರು, ಗೂಟದ ಮೇಲ್ತುದಿಗೊಂದು ಹೆಸರು, ಬೆದರಿದ ಹಿಂಡಿನ ನಡಿಗೆಗೊಂದು ಹೆಸರು ಇರುತ್ತವೆ. ಅವು ಪಾರ್ಧಿಗಳ ಮನೆಮಾತಿನಲ್ಲಿ, ಕನ್ನಡ, ಮರಾಠಿ, ತೆಲುಗು, ದಖನಿಗಳ ಬೆರಕೆಯಲ್ಲಿ ಇವೆ. ಆ ಮನೆಮಾತು ಗುಜರಾತಿಗೆ ಹತ್ತಿರವಾದುದೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಎಪ್ಪತ್ತು ದಾಟಿದವರು ಮಾತ್ರ ಅವನ್ನು ಹೇಳಬಲ್ಲರು, ಅವರೂ ಹೇಳಲು ಹಿಂಜರಿಯುತ್ತಾರೆ. ಕೇಳುವವನು ಪೊಲೀಸನ ಕಡೆಯವನೋ ಅರಣ್ಯ ಇಲಾಖೆಯವನೋ ಎಂಬ ಶಂಕೆ ಅವರಿಗಿದೆ. ನೋಟು ಪುಸ್ತಕ ತೆಗೆಯುವುದಕ್ಕೆ ಮುಂಚೆ ನಾಲ್ಕು ಸಲ ಸುಮ್ಮನೆ ಹೋಗಿ ಚಹಾ ಕುಡಿದು ಬರಬೇಕು. ಮೊದಲು ಹಕ್ಕಿಯ ಹೆಸರು ಕೇಳಿರಿ, ಆಮೇಲೆ ಹಕ್ಕಿ ಹಿಡಿಯುವುದರ ಹೆಸರು.

ಕೊನೆಗೆ ಆ ಸಣ್ಣ ತೋಟಾದ ವಿಷಯ. ಅದು ನಮ್ಮ ಸೀಮೆಗೆ ಬರಲೇ ಇಲ್ಲವೆಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ. ೧೯೪೮ರ ಕಾಯಿದೆಯಿಂದ ನ್ಯಾಷನಲ್ ಕ್ಯಾಡೆಟ್ ಕೋರ್ ಆರಂಭವಾದ ಮೇಲೆ ಹೈಸ್ಕೂಲಿನ ಹುಡುಗರ ಕೈಗೂ ಪಾಯಿಂಟ್ ಟೂ ಟೂ ರೈಫಲು ಬಂದಿದೆ. ಶಿಬಿರದಲ್ಲಿ ಹುಡುಗರು ಚಾಪೆಯ ಮೇಲೆ ಬೋರಲಾಗಿ ಮಲಗಿ, ಉಸಿರು ಹಿಡಿದು, ಹಲಗೆಯ ಮೇಲಿನ ಕಪ್ಪು ಬೊಟ್ಟಿಗೆ ಗುರಿಯಿಡುತ್ತಾರೆ. ಅವರಲ್ಲಿ ಒಕ್ಕಲಿಗನ ಮಗನೂ ಇರುತ್ತಾನೆ, ಪಾರ್ಧಿಯ ಮಗನೂ ಇರುತ್ತಾನೆ. ಎಲ್ಲರಿಗೂ ಎಣಿಸಿ ಕೊಟ್ಟ ಅಷ್ಟೇ ತೋಟಾ. ಹಾರಿಸಿ ಮುಗಿದ ಮೇಲೆ ಹವಾಲ್ದಾರರು ಖಾಲಿ ಹಿತ್ತಾಳೆಯ ಕೊಳವೆಗಳನ್ನು ಮಣ್ಣಿನಿಂದ ಹೆಕ್ಕಿಸಿ, ಎಣಿಸಿ, ಲೆಕ್ಕ ಸರಿಯಾದ ಮೇಲೆಯೇ ಹುಡುಗರನ್ನು ಊಟಕ್ಕೆ ಬಿಡುತ್ತಾರೆ.